ಬಳ್ಳಾರಿ ಕೋಟೆಯ ಕಲ್ಲು



ಡಿ. ಹಿರೇಹಾಳಿನ ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಬಳ್ಳಾರಿ ಕೋಟೆ ನೋಡಲು ಹೋಗುತ್ತಾರೆ. ಅಲ್ಲಿ ಕೇಳಿಬರುವುದು ಒಂದೇ ಕಥೆ. ಯುದ್ಧದ ಭಯದಲ್ಲಿ ಹೈದರಾಲಿ ಫ್ರೆಂಚ್ ಇಂಜಿನಿಯರನೊಬ್ಬನಿಂದ ಕೋಟೆ ಕಟ್ಟಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ; ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದು. ಸಿಟ್ಟಿಗೆ ಅವನನ್ನು ಬಾಗಿಲ ಮುಂದೆಯೇ ಗಲ್ಲಿಗೇರಿಸಿದನಂತೆ. ನಿಜವೋ ಕಟ್ಟುಕಥೆಯೋ, ಗುಡ್ಡವಂತೂ ಅಲ್ಲೇ ಇದೆ. ಕೆಲಸ ಕೆಟ್ಟರೆ ಕತ್ತು ಯಾರದೆಂದು ನಮಗೆ ಹೇಳಿಕೊಡಬೇಕೇ?

ಆದರೆ ಬಂಡೆ ಸೀಳಿದವರು, ಕಲ್ಲು ಹೊತ್ತವರು ಈ ಕಥೆಯಲ್ಲೂ ಇಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನೇ ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟ; ಆಗಲೂ ಅವರನ್ನು ಯಾರು ಕೇಳಿದರು?

ಮಕ್ಕಳ ಕೈಯಿಂದ ಆ ಗೋಡೆ ಮುಟ್ಟಿಸಿ, ಇದನ್ನು ಮೇಲಕ್ಕೆ ಹೊತ್ತವರು ಯಾರೆಂದು ಕೇಳಿ. ಎಸ್ಟೇಟಿನಲ್ಲೂ ಬಂಗಲೆ ದೊರೆಯ ಹೆಸರು ಎಲ್ಲರಿಗೂ ಗೊತ್ತು. ಗಿಡ ನೆಟ್ಟ ಅಜ್ಜಿಯರ ಹೆಸರು ಹಳೇ ಚೆಕ್‌ರೋಲಿನಲ್ಲಿ ಗೆದ್ದಲು ತಿನ್ನುತ್ತಿರಬೇಕು.