ಬರಿದಾದ ತಟ್ಟೆ, ತುಂಬಿದ ಅಂಗಳ

ದುಡಿಮೆಯ ಬೆಲೆಯನ್ನು ಬಲ್ಲವನೇ ಬಿಡುವಿನ ಬೆಲೆಯನ್ನೂ ಬಲ್ಲನು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಕೆಲವು ದಿನ ತಂಗಿದ್ದಾಗ ಈ ಮಾತು ನಮಗೆ ಮನದಟ್ಟಾಯಿತು. ನಾವು ಕಲಿತ ಮಠದ ಪ್ರಸಾದನಿಲಯದಲ್ಲಿಯೇ ಓದಿ, ಈಗ ಅಲ್ಲಿ ಇಂಜಿನಿಯರನಾಗಿರುವ ಶಿಷ್ಯನೊಬ್ಬನ ಮನೆಯಲ್ಲಿ ನಮ್ಮ ವಾಸ್ತವ್ಯ.

ಶುಕ್ರವಾರ ಸಂಜೆ ಕಚೇರಿಯಿಂದ ಬಂದವನೇ ಆತನು, "ಗುರುಗಳೇ, ಇನ್ನೆರಡು ದಿನ ನಾವು ಮನೆಯಲ್ಲಿ ನಿಲ್ಲುವವರಲ್ಲ" ಎಂದನು. ಹಾಗೆಯೇ ಆಯಿತು. ಆ ರಾತ್ರಿ ಗೆಳೆಯನೊಬ್ಬನ ಹೊಸ ಮನೆಯಲ್ಲಿ ಊಟ. ಶನಿವಾರ ಬೆಳಿಗ್ಗೆ, 1878ರಿಂದ ನಡೆದು ಬಂದಿರುವ ಕ್ವೀನ್ ವಿಕ್ಟೋರಿಯ ಮಾರುಕಟ್ಟೆಯಲ್ಲಿ ಎರಡು ಕುಟುಂಬಗಳು ಕೂಡಿ ಕಾಯಿಪಲ್ಲೆ ಕೊಂಡವು.

ಅಲ್ಲಿಂದ ಹೊರಟಾಗ ದಾರಿಯಲ್ಲಿ ಒಂದು ಸ್ತಂಭವನ್ನು ಕಂಡೆವು. ಅದರ ತುದಿಯಲ್ಲಿ 8 ಎಂಬ ಅಂಕಿ ಮೂರು ಬಾರಿ. 1856ರ ಏಪ್ರಿಲ್ 21ರಂದು ಈ ನಗರದ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು, ದಿನಕ್ಕೆ ಎಂಟೇ ಗಂಟೆ ದುಡಿಮೆಯೆಂಬ ಹಕ್ಕನ್ನು ಪಡೆದರು. ಎಂಟು ಗಂಟೆ ದುಡಿಮೆಗೆ, ಎಂಟು ನಿದ್ರೆಗೆ, ಇನ್ನೆಂಟು ಮನುಷ್ಯನ ಸ್ವಂತಕ್ಕೆ. ಆದರೂ ವಾರಕ್ಕೆ ಆರು ದಿನದ ದುಡಿಮೆ ಬಹುಕಾಲ ಉಳಿಯಿತು. ವಾರಕ್ಕೆ 40 ಗಂಟೆಯೆಂಬ ನಿಯಮ ದೇಶಕ್ಕೆಲ್ಲ ಬಂದದ್ದು 1948ರಲ್ಲಿ. ಇಂದು ಸಹಜವೆನಿಸುವ ಎರಡು ದಿನದ ಬಿಡುವು ಹೀಗೆ ಹೋರಾಡಿ ಗಳಿಸಿದ್ದು.

ಮಧ್ಯಾಹ್ನ ಉದ್ಯಾನದಲ್ಲಿ ಹತ್ತು ಮನೆಯವರ ಕೂಟ. ಅಲ್ಲಿನ ಅನೇಕ ಉದ್ಯಾನಗಳಲ್ಲಿ ನಗರಾಡಳಿತದವರೇ ವಿದ್ಯುತ್ ಒಲೆಗಳನ್ನು ಕಟ್ಟಿಸಿದ್ದಾರೆ. ಗುಂಡಿ ಒತ್ತಿದರೆ ಅಗಲವಾದ ಹಂಚು ಕಾಯುತ್ತದೆ, ಹಣ ಕೊಡಬೇಕಿಲ್ಲ, ಬಳಸಿದವರು ಒರೆಸಿಟ್ಟು ಹೋಗುವುದು ರೂಢಿ. ನಮ್ಮವರು ಮೆಕ್ಕೆಜೋಳದ ತೆನೆ, ದೊಣ್ಣೆಮೆಣಸಿನಕಾಯಿಗಳನ್ನು ಸುಟ್ಟರು. ಡಬ್ಬಿಗಳಿಂದ ರೊಟ್ಟಿ, ಶೇಂಗಾ ಚಟ್ನಿ ಹೊರಬಂದವು. ಮಕ್ಕಳು ಕ್ರಿಕೆಟ್ ಆಡಿದರು.

ಆ ನಾಡಿನಲ್ಲಿ ಕೂಟಕ್ಕೆ ಕರೆಯುವಾಗ "ಬ್ರಿಂಗ್ ಎ ಪ್ಲೇಟ್" ಎನ್ನುತ್ತಾರಂತೆ. ಏನಾದರೊಂದು ತಿನಿಸು ಮಾಡಿಕೊಂಡು ಬನ್ನಿರೆಂದು ಅದರ ಅರ್ಥ. ಹೊಸದಾಗಿ ಬಂದಿದ್ದ ನಮ್ಮ ಶಿಷ್ಯನು ಬರಿದಾದ ತಟ್ಟೆಯನ್ನೇ ಹಿಡಿದುಕೊಂಡು ಹೋಗಿದ್ದನು! ಮನೆಯೊಡತಿ ನಕ್ಕು, ಅದನ್ನು ತುಂಬಿಸಿ ಕೈಗಿತ್ತಳಂತೆ. ಇದನ್ನು ಆತನು ಹೇಳಿದಾಗ ಎಲ್ಲರೂ ನಕ್ಕರು; ಹಾಗೆಯೇ ಮಾಡಿದವರು ಅಲ್ಲಿ ಇನ್ನಿಬ್ಬರಿದ್ದರು.

ಮರಳುವಾಗ ನಾವು ಕೇಳಿದೆವು: "ಅಪ್ಪಾ, ವಿಶ್ರಾಂತಿಯ ದಿನದಲ್ಲಿ ಇಷ್ಟೊಂದು ತಿರುಗಾಟವೇ? ಒಂದು ಗಳಿಗೆಯಾದರೂ ಏಕಾಂತ ಬೇಡವೇ?" ಆತನು ಉತ್ತರಿಸಲಿಲ್ಲ. ಉತ್ತರ ಅಂದಿನ ರಾತ್ರಿ ಬೇರೆ ಬಗೆಯಲ್ಲಿ ಬಂದಿತು.

ಅಲ್ಲಿ ರಾತ್ರಿ ಹನ್ನೊಂದು. ನಮ್ಮ ನಾಡಿನಲ್ಲಿ ಸಂಜೆ ಆರೂವರೆ. ಕೂಟದಲ್ಲಿದ್ದ ಒಬ್ಬ ಗೆಳೆಯನ ತಂದೆ ಧಾರವಾಡದ ಕಡೆಯ ಹಳ್ಳಿಯಲ್ಲಿ ಲಿಂಗೈಕ್ಯರಾದರೆಂಬ ಸುದ್ದಿ. ಅರ್ಧ ಗಂಟೆಯೊಳಗೆ ಐದು ಮನೆಯವರು ಅಲ್ಲಿ ನೆರೆದರು. ಒಬ್ಬನು ವಿಮಾನದ ಟಿಕೆಟ್ ಹುಡುಕಿದನು. ಒಬ್ಬಳು ಪೆಟ್ಟಿಗೆ ಕಟ್ಟಿದಳು. ಮತ್ತೊಬ್ಬನು ನಸುಕಿನಲ್ಲಿ ಆತನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದನು. ಎಷ್ಟು ಅವಸರಪಟ್ಟರೂ ಮಣ್ಣಿಗೆ ಆತನು ತಲುಪುವಂತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಭಾನುವಾರ ಕಡಲತೀರಕ್ಕೆ ಹೋಗುವುದಿತ್ತು. ಅದನ್ನು ಬಿಟ್ಟು ಎಲ್ಲರೂ ಆ ಮನೆಯಲ್ಲಿಯೇ ಉಳಿದರು. ಸಂಜೆ ನಾಲ್ಕೂವರೆಗೆ, ಅಂದರೆ ಇಲ್ಲಿಯ ನಡುಹಗಲಿಗೆ, ಆ ಮನೆಯ ಸೊಸೆ ಫೋನಿನ ಪರದೆಯಲ್ಲಿ ಮಾವನವರ ಅಂತ್ಯಕ್ರಿಯೆಯನ್ನು ಕಂಡಳು. ಎಡಬಲದಲ್ಲಿ ನಾಲ್ವರು ಹೆಣ್ಣುಮಕ್ಕಳು ಆಕೆಯ ಕೈ ಹಿಡಿದು ಕುಳಿತಿದ್ದರು. ಅಡುಗೆಮನೆಯಲ್ಲಿ ಮತ್ತೊಬ್ಬರು ಮಕ್ಕಳಿಗೆ ಅನ್ನ ಕಲಸುತ್ತಿದ್ದರು. ನಿನ್ನೆ ಹಂಚಿನ ಸುತ್ತ ನಿಂತು ನಕ್ಕವರೇ ಅವರೆಲ್ಲ.

ನಮ್ಮ ಪ್ರಶ್ನೆಗಾಗಿ ನಾವೇ ನಾಚಿದೆವು. ಊರಿನಲ್ಲಿ ಸಾವುನೋವಿನ ಹೊತ್ತಿಗೆ ಓಣಿಯ ಜನ ಕರೆಯದೆಯೇ ಬರುತ್ತಾರೆ. ಆ ಓಣಿಯನ್ನು ನಮ್ಮ ಹಿರಿಯರು ಕಟ್ಟಿಕೊಟ್ಟಿದ್ದಾರೆ. ಪರದೇಶದಲ್ಲಿ ಹುಟ್ಟಿನಿಂದ ಬಂದ ಓಣಿಯಿಲ್ಲ. ಶನಿವಾರ ಭಾನುವಾರಗಳ ಊಟ, ಆಟ, ಹರಟೆಗಳಿಂದಲೇ ಅದನ್ನು ಕಟ್ಟಿಕೊಳ್ಳಬೇಕು.

2021ರ ಜನಗಣತಿಯಂತೆ ಆಸ್ಟ್ರೇಲಿಯದಲ್ಲಿದ್ದ ಭಾರತಸಂಜಾತರು 6.73 ಲಕ್ಷ. ಓದುಗರ ಮನೆಯ ಮಕ್ಕಳೂ ಅಲ್ಲಿರಬಹುದು. ತಾಯಿತಂದೆಗಳೇ, ಮಗನು ಫೋನಿನಲ್ಲಿ "ಗೆಳೆಯರ ಮನೆಗೆ ಹೋಗಿದ್ದೆ" ಎಂದರೆ ಮುನಿಯಬೇಡಿರಿ. ಆ ಗೆಳೆಯರ ಹೆಸರು ಕೇಳಿ, ಅವರ ಕ್ಷೇಮವನ್ನೂ ವಿಚಾರಿಸಿರಿ. ಅಲ್ಲಿರುವ ಮಕ್ಕಳೇ, ನಿಮ್ಮ ಕೂಟಕ್ಕೆ ಕರೆಯಿಲ್ಲದೆ ಕೋಣೆಯಲ್ಲಿ ಒಬ್ಬನೇ ಕುಳಿತಿರುವ ಹೊಸಬನನ್ನು ಮರೆಯದೆ ಕರೆಯಿರಿ. ಆತನು ಬರಿದಾದ ತಟ್ಟೆಯನ್ನು ತಂದರೆ ತುಂಬಿಸಿ ಕೊಡಿರಿ.