ಪಟ್ಟಣದ ರಸ್ತೆಗಳ ಭಾರಮಿತಿಯೂ ಲಾರಿ ಚಾಲಕರ ಸ್ಥಿತಿಯೂ: ಒಂದು ಮನವಿ ಪತ್ರ

ಕಲಬುರಗಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಲಾರಿ ಚಾಲಕರು ವಿನಯಪೂರ್ವಕವಾಗಿ ಸಲ್ಲಿಸುವ ಮನವಿ.

ವಿಷಯ: ಪಟ್ಟಣಗಳ ಒಳರಸ್ತೆಗಳಲ್ಲಿ ಭಾರವಾಹನಗಳಿಗೆ ವಿಧಿಸಲಾಗುತ್ತಿರುವ ಹೊಸ ತೂಕದ ಮಿತಿಯಿಂದ ಚಾಲಕರಿಗೆ ಒದಗಿರುವ ಸಂಕಷ್ಟ ಮತ್ತು ಅದರ ಪರಿಹಾರ.

ಮಾನ್ಯರೆ,

ರಸ್ತೆಯನ್ನೇ ನಂಬಿ ಅನ್ನ ಕಾಣುವವನಿಗೆ ರಸ್ತೆಯ ಕ್ಷೇಮಕ್ಕಿಂತ ಮಿಗಿಲಾದ ಸ್ವಾರ್ಥ ಬೇರೊಂದಿಲ್ಲವಾದುದರಿಂದ, ಪಟ್ಟಣದೊಳಗೆ ಸಂಚರಿಸುವ ವಾಹನಗಳ ಭಾರಕ್ಕೆ ಮಿತಿಯೊಂದಿರಬೇಕೆಂಬ ನೀತಿಯನ್ನು ವಿರೋಧಿಸುವುದಕ್ಕಾಗಿ ಈ ಮನವಿಯನ್ನು ಬರೆಯಲಾಗಿಲ್ಲವೆಂಬುದನ್ನು ಮೊದಲಿಗೇ ನಿವೇದಿಸಿಕೊಳ್ಳುತ್ತೇವೆ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳು ದಾಟುವ ಬೀದಿಯಲ್ಲಿ, ಸಂತೆಯ ದಿನ ಕಾಲಿಡಲೂ ಎಡೆಯಿಲ್ಲದ ಚೌಕದಲ್ಲಿ, ನೆಲದಡಿಯ ನೀರಿನ ಕೊಳವೆ ಒಂದೆರಡು ಅಡಿ ಆಳದಲ್ಲಿಯೇ ಹಾದುಹೋಗುವ ಓಣಿಯಲ್ಲಿ ಲೋಡಾದ ದೊಡ್ಡ ಗಾಡಿಯನ್ನು ನುಗ್ಗಿಸುವುದು ತರವಲ್ಲವೆಂಬುದು ನಮಗೂ ವಿದಿತವಾಗಿದೆ. ಆ ಬೀದಿಯನ್ನು ದಾಟುವ ಮಕ್ಕಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ನಮ್ಮ ಅಹವಾಲು ಇಷ್ಟು: ರಸ್ತೆಯನ್ನು ರಕ್ಷಿಸುವ ಈ ನಿಯಮದ ಹೊರೆಯೆಲ್ಲವೂ, ಸರಕನ್ನು ಕೊಂಡವನೂ ಅಲ್ಲದ, ಮಾರಿದವನೂ ಅಲ್ಲದ, ಎಷ್ಟು ಹೇರಬೇಕೆಂದು ನಿರ್ಣಯಿಸಿದವನೂ ಅಲ್ಲದ ಚಾಲಕನೊಬ್ಬನ ತಲೆಯ ಮೇಲೆಯೇ ಬಂದು ನಿಂತಿದೆ, ಅದು ನ್ಯಾಯವಾಗಿ ಹಂಚಲ್ಪಡಬೇಕು.

ನಮ್ಮ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕಾದರೂ ರೈಲುಮಾರ್ಗವಿಲ್ಲವೆಂಬುದು ತಮಗೆ ತಿಳಿದ ಸಂಗತಿಯೇ ಆಗಿದೆ. ಗಾಣಗಾಪುರ ರೋಡ್ ಎಂಬ ನಿಲ್ದಾಣ ಅಫಜಲಪುರ ತಾಲ್ಲೂಕಿನೊಳಗೇ ಇದ್ದರೂ ಅಫಜಲಪುರ ಪಟ್ಟಣಕ್ಕೆ ಅದು ದೂರ. ಆಳಂದಕ್ಕೂ ಜೇವರ್ಗಿಗೂ ಅಷ್ಟರ ಮಟ್ಟಿಗಿನ ಭಾಗ್ಯವೂ ಇಲ್ಲ. ಆದಕಾರಣ ಬಿತ್ತನೆಯ ಕಾಲಕ್ಕೆ ಬರುವ ಗೊಬ್ಬರ, ಮನೆ ಕಟ್ಟುವವನಿಗೆ ಬೇಕಾದ ಸಿಮೆಂಟು ಕಬ್ಬಿಣ, ಶಹಾಬಾದಿನ ಹಾಸುಗಲ್ಲು, ನ್ಯಾಯಬೆಲೆ ಅಂಗಡಿಯ ಅಕ್ಕಿ, ಇವೆಲ್ಲವೂ ಈ ಊರುಗಳನ್ನು ಸೇರುವುದು ಲಾರಿಯ ಮೇಲೆಯೇ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದು ನಾಡಿಗೆಲ್ಲ ಹೆಸರಾದ ಕಲಬುರಗಿಯ ತೊಗರಿ ಹೊಲದಿಂದ ಅಡತಿಗೂ, ಅಡತಿಯಿಂದ ದಾಲ್ ಮಿಲ್ಲಿಗೂ ಸಾಗುವುದು ಲಾರಿಯ ಮೇಲೆಯೇ. ಆಳಂದವು ಉಮರ್ಗಾ ಮತ್ತು ಅಕ್ಕಲಕೋಟೆಗಳ ಕಡೆಗೆ ತೆರೆದುಕೊಂಡ ಬಾಗಿಲು. ಅಫಜಲಪುರದಿಂದ ಹೊರಟ ಗಾಡಿ ಸೊಲ್ಲಾಪುರಕ್ಕೆ ಮುಖ ಮಾಡುತ್ತದೆ. ಜೇವರ್ಗಿಯಂತೂ ವಿಜಯಪುರದಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ಶಹಾಪುರದ ಕಡೆಯಿಂದ ಬರುವ ಹೆದ್ದಾರಿಯೂ ಕೂಡುವ ಕೂಟಸ್ಥಾನ. ಇಂಥ ಊರುಗಳಲ್ಲಿ ಲಾರಿಯನ್ನು ತಡೆಯುವುದೆಂದರೆ ಹೊರಗಿನಿಂದ ಬಂದ ಉಪದ್ರವವೊಂದನ್ನು ತಡೆಯುವುದಲ್ಲ. ಊರಿನ ಉಣಿಸನ್ನೇ ಊರ ಹೊರಗೆ ನಿಲ್ಲಿಸುವುದು.

ನಿರ್ಬಂಧದಿಂದ ನಡೆಯುತ್ತಿರುವುದೇನೆಂಬುದನ್ನು ಬಿಡಿಸಿ ಹೇಳಲು ಅಪ್ಪಣೆಯಾಗಬೇಕು. ನಾನೂರು ಐನೂರು ಕಿಲೋಮೀಟರು ಓಡಿ ಬಂದ ಗಾಡಿ ಪಟ್ಟಣದ ಅಂಚಿನಲ್ಲಿ ನಿಲ್ಲುತ್ತದೆ. ಬಿಲ್ಟಿಯಲ್ಲಿ ಬರೆದಿರುವುದು ಅಂಗಡಿಯ ಬಾಗಿಲು. ಫಲಕದಲ್ಲಿ ಬರೆದಿರುವುದು ಅಲ್ಲಿಗೆ ಹೋಗಕೂಡದೆಂದು. ವ್ಯಾಪಾರಿಯು ತನ್ನ ಬಾಗಿಲಿಗೆ ತಂದು ಇಳಿಸಿದ ಹೊರತು ಬಾಡಿಗೆಯ ಉಳಿದ ಹಣವನ್ನು ಕೊಡಲಾರೆನೆನ್ನುತ್ತಾನೆ. ಮಾಲೀಕನು ದೂರವಾಣಿಯಲ್ಲಿ ಹೇಗಾದರೂ ಮಾಡಿ ಖಾಲಿ ಮಾಡಿಕೊಂಡು ಬಾ ಎನ್ನುತ್ತಾನೆ. ಆ "ಹೇಗಾದರೂ" ಎಂಬುದರೊಳಗೆ ಏನೇನು ಅಡಗಿದೆಯೆಂಬುದನ್ನು ಅನುಭವಿಸಿದವರೇ ಬಲ್ಲರು. ಟ್ರ್ಯಾಕ್ಟರು, ಸಣ್ಣ ಟೆಂಪೋಗಳನ್ನು ಗೊತ್ತುಮಾಡಿ, ಹಮಾಲರಿಗೆ ಎರಡೆರಡು ಸಲ ಕೂಲಿ ತೆತ್ತು, ದಾರಿಯ ಬದಿಯಲ್ಲಿ ಚೀಲಗಳನ್ನು ಗಾಡಿಯಿಂದ ಗಾಡಿಗೆ ದಾಟಿಸಬೇಕು. ದಾಟಿಸುವಾಗ ಹರಿದ ಚೀಲದ, ಚೆಲ್ಲಿದ ಕಾಳಿನ ಲೆಕ್ಕವನ್ನು ಚಾಲಕನ ಭತ್ಯದಲ್ಲಿ ಮುರಿಯಲಾಗುತ್ತದೆ. ಇಲ್ಲವೆ, ನಿರ್ಬಂಧ ಸಡಿಲವಾಗುವ ನಡುರಾತ್ರಿಯವರೆಗೆ ಕಾದು, ಹಗಲೆಲ್ಲ ಓಡಿಸಿದ ಕಣ್ಣಿನಲ್ಲಿಯೇ ರಾತ್ರಿಯೂ ಓಡಿಸಬೇಕು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮೇರೆಯನ್ನು ಹಾಕಿತ್ತು. ಆದರೆ ಅದು ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರುಳ್ಳ ಉದ್ಯಮಗಳಿಗೆ ಅನ್ವಯಿಸತಕ್ಕದ್ದಾಗಿದ್ದುದರಿಂದ, ಒಂದೋ ಎರಡೋ ಗಾಡಿಯ ಮಾಲೀಕರಲ್ಲಿ ದುಡಿಯುವ ನಮ್ಮಲ್ಲಿ ಬಹುಮಂದಿಗೆ ಆ ಆಶ್ರಯವೂ ದೊರೆಯಲಿಲ್ಲ. ನಿದ್ದೆಗೆಟ್ಟ ಚಾಲಕನನ್ನು ಹೆದ್ದಾರಿಗೆ ಮರಳಿಸುವ ನಿಯಮವು ರಸ್ತೆಯ ಸುರಕ್ಷತೆಯನ್ನು ಯಾವ ರೀತಿಯಲ್ಲಿ ಸಾಧಿಸುತ್ತದೆಂಬುದನ್ನು ಸಮಿತಿಯು ಗಂಭೀರವಾಗಿ ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇವೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 115ನೆಯ ಕಲಮು, ರಸ್ತೆಯ ಅಥವಾ ಸೇತುವೆಯ ಸ್ವರೂಪವನ್ನೂ ಸಾರ್ವಜನಿಕರ ಸುರಕ್ಷತೆ ಸೌಕರ್ಯಗಳನ್ನೂ ಪರಿಗಣಿಸಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ನೀಡುವುದರೊಂದಿಗೆ, ಅಂಥ ನಿರ್ಬಂಧವು ರಾಜ್ಯಪತ್ರದಲ್ಲಿ ಪ್ರಕಟವಾಗತಕ್ಕದ್ದೆಂದೂ, 116ನೆಯ ಕಲಮಿನಂತೆ ತಕ್ಕ ಸಂಚಾರ ಚಿಹ್ನೆಗಳನ್ನು ನೆಡತಕ್ಕದ್ದೆಂದೂ ವಿಧಿಸಿದೆ. ಒಂದು ತಿಂಗಳನ್ನು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲವಾದರೂ ಸ್ಥಳೀಯವಾಗಿ ಪ್ರಚಾರ ಮಾಡುವುದು ಕಡ್ಡಾಯ. ಕರ್ನಾಟಕ ಮೋಟಾರು ವಾಹನಗಳ ನಿಯಮಾವಳಿ, 1989ರ 221ಎ ನಿಯಮದನ್ವಯ ಜಿಲ್ಲಾ ದಂಡಾಧಿಕಾರಿಗಳು ಘಟ್ಟದ ರಸ್ತೆಗಳಲ್ಲಿ ಭಾರವಾಹನಗಳನ್ನು ನಿಷೇಧಿಸುವಾಗ ಅದೇ ಆದೇಶದಲ್ಲಿ ಬದಲಿ ಮಾರ್ಗವನ್ನು ಊರೂರಿನ ಹೆಸರಿನೊಡನೆ ಸೂಚಿಸುವುದನ್ನು ಶಿರಾಡಿ, ಚಾರ್ಮಾಡಿಗಳ ಸಂದರ್ಭದಲ್ಲಿ ರಾಜ್ಯವೆಲ್ಲ ಕಂಡಿದೆ. ಘಟ್ಟಕ್ಕೆ ಸಲ್ಲುವ ಈ ಕ್ರಮವು ನಮ್ಮ ಬಯಲುಸೀಮೆಯ ಪಟ್ಟಣಗಳಿಗೂ ಸಲ್ಲಬೇಕಲ್ಲವೆ? ಇಲ್ಲಿ ನಮಗೆ ಎದುರಾಗುವುದು ಬಹುಮಟ್ಟಿಗೆ ಗಾಡಿಯನ್ನು ತಿರುಗಿಸಲು ಜಾಗವಿಲ್ಲದ ಎಡೆಯಲ್ಲಿ, ಜಾತ್ರೆಯ ಅಥವಾ ಹುಟ್ಟುಹಬ್ಬದ ಬ್ಯಾನರಿನ ಮರೆಯಲ್ಲಿ ನಿಂತ ಫಲಕ. ಆ ಫಲಕವನ್ನು ಕಾಣುವ ಹೊತ್ತಿಗೆ ಮುಂದೆ ಹೋದರೆ ದಂಡ, ಹಿಂದೆ ಸರಿದರೆ ಅಪಾಯ. ಮಹಾರಾಷ್ಟ್ರ, ತೆಲಂಗಾಣಗಳಿಂದ ಬರುವ ಸಹೋದ್ಯೋಗಿಗಳಿಗೆ ಅದನ್ನು ಓದಿ ತಿಳಿಯುವ ಅನುಕೂಲವೂ ಇಲ್ಲ.

ಇನ್ನು ತೂಕದ ವಿಚಾರ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅನಿವಾರ್ಯವಾಗಿದೆ. ರಸ್ತೆಯನ್ನು ಕೆಡಿಸುವುದು ವಾಹನದ ಒಟ್ಟು ತೂಕಕ್ಕಿಂತಲೂ ಮುಖ್ಯವಾಗಿ ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಂಡುಕೊಂಡಂತೆ, ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟು ಹೆಚ್ಚುತ್ತದೆ. ನಮ್ಮದಾದರೋ ಎರೆಭೂಮಿ, ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿದು, ತನ್ನ ಮೇಲಿನ ಡಾಂಬರನ್ನು ತಾನೇ ಅಲುಗಿಸುವ ನೆಲ. ಇಂಥ ನೆಲದ ರಸ್ತೆಗೆ ಅಚ್ಚಿನ ಭಾರವನ್ನು ನೋಡದೆ ಒಟ್ಟು ತೂಕವೊಂದನ್ನೇ ನೋಡಿ ಮಿತಿಯನ್ನು ಹಾಕಿದರೆ ರಸ್ತೆಯೂ ಉಳಿಯದು, ನ್ಯಾಯವೂ ಉಳಿಯದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೂ, ಮೂರು ಅಚ್ಚಿನದನ್ನು 25ರಿಂದ 28.5 ಟನ್ನಿಗೂ ಏರಿಸಿತು. ಮಾಲೀಕರೂ ವ್ಯಾಪಾರಿಗಳೂ ಆ ಏರಿಕೆಯನ್ನೇ ಬಾಡಿಗೆಯ ಮೂಲಮಾನವಾಗಿ ಹಿಡಿದಿದ್ದಾರೆ. ಪಟ್ಟಣದ ಫಲಕವು ಅದಕ್ಕೆ ತದ್ವಿರುದ್ಧವಾದ ಅಂಕಿಯನ್ನು ತೋರಿಸುತ್ತದೆ. ಹೆದ್ದಾರಿಯ ಮೇಲೆ ನಿರ್ದೋಷಿಯಾದ ಚಾಲಕನು ಊರಿನ ಕಮಾನನ್ನು ಹೊಕ್ಕೊಡನೆ ಅಪರಾಧಿಯಾಗುತ್ತಾನೆ.

ಮಿತಿಯನ್ನು ಮೀರಿ ಹೇರಿದ ಗಾಡಿಗೆ ಮೋಟಾರು ವಾಹನಗಳ ಅಧಿನಿಯಮದ 194ನೆಯ ಕಲಮಿನಂತೆ 20,000 ರೂಪಾಯಿಯೂ, ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿಯೂ ದಂಡವುಂಟು. ಹೆಚ್ಚಿನ ಸರಕನ್ನು ಇಳಿಸುವ ತನಕ ಗಾಡಿ ಕದಲುವಂತಿಲ್ಲ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಹೆಚ್ಚು ಹೇರಿದ ಲಾರಿಯ ಬ್ರೇಕು ಹಿಡಿಯದಿದ್ದಾಗ ಮೊದಲು ಸಾಯುವವನು ಚಾಲಕನೇ. ಅತಿಭಾರಕ್ಕೆ ರಾಜ್ಯಗಳು ರಿಯಾಯಿತಿಯನ್ನು ಕೊಡತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ನೀಡಿದ ತೀರ್ಪನ್ನು ನಾವು ಶಿರಸಾವಹಿಸುತ್ತೇವೆ. ಆದರೆ ಅದೇ ಅಧಿನಿಯಮದ 113ನೆಯ ಕಲಮು, ಚಾಲಕನು ಮಾಲೀಕನಲ್ಲದಿದ್ದಾಗ, ಅಪರಾಧವು ಮಾಲೀಕನ ಅರಿವಿನಿಂದಲೋ ಆಜ್ಞೆಯಿಂದಲೋ ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದೆಂದು ಹೇಳುತ್ತದೆ. ಹೇರುವ ಸಾಗಣೆದಾರನೂ ನೋಂದಣಿ ಪತ್ರದ ತೂಕವನ್ನು ಮೀರುವಂತಿಲ್ಲವೆಂದು 2007ರ ರಸ್ತೆ ಸರಕು ಸಾಗಣೆಯ ಅಧಿನಿಯಮವು ವಿಧಿಸುತ್ತದೆ. ಹೀಗಿರಲು, ತಪಾಸಣೆಯ ವೇಳೆ ಮಾಲೀಕನ ಹೆಸರನ್ನಾಗಲಿ ಹೇರಿದವನ ಹೆಸರನ್ನಾಗಲಿ ಕೇಳದೆ, ಸ್ಟೇರಿಂಗಿನ ಹಿಂದೆ ಕುಳಿತವನ ಪರವಾನಗಿಯನ್ನಷ್ಟೇ ಕಿತ್ತುಕೊಳ್ಳುವುದು ಶಾಸನದ ಆಶಯಕ್ಕೆ ವಿರುದ್ಧವೆಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ತೂಕದ ಕಾಟಾದ ವಿಷಯವೂ ಹಾಗೆಯೇ. ಮುಂದಿನ ದಾರಿಯಲ್ಲಿ 10 ಕಿಲೋಮೀಟರಿನೊಳಗೆ ಅಥವಾ ಗುರಿಯಿಂದ 20 ಕಿಲೋಮೀಟರಿನೊಳಗೆ ತೂಕದ ಯಂತ್ರವಿದ್ದರೆ ಅಲ್ಲಿಗೆ ಗಾಡಿಯನ್ನು ಒಯ್ದು ತೂಗಿಸುವ ಅಧಿಕಾರವನ್ನು ಮೋಟಾರು ವಾಹನಗಳ ಅಧಿನಿಯಮದ 114ನೆಯ ಕಲಮು ಕೊಟ್ಟಿರುವಾಗ, ಟಯರಿನ ಉಬ್ಬನ್ನೂ ಪಾಟಾದ ಬಾಗನ್ನೂ ಕಣ್ಣಳತೆಯಿಂದ ನೋಡಿ ತೂಕವನ್ನು ನಿರ್ಧರಿಸುವ ರೂಢಿಗೆ ಎಡೆಯಿರಕೂಡದು.

ಸೇತುವೆಗಳ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಎರಡು ಮಾತಿಲ್ಲ. 2024ರ ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಮೇಲೆ ಸಾಗುತ್ತಿದ್ದ ಲಾರಿಯೊಂದು ಚಾಲಕನ ಸಮೇತ ನೀರಿಗೆ ಬಿದ್ದಾಗ ಆತನು ಬದುಕಿ ಬಂದುದನ್ನು ಕೇಳಿ ನಮ್ಮ ಮನೆಗಳಲ್ಲಿಯೂ ದೇವರಿಗೆ ದೀಪ ಹಚ್ಚಿದವರಿದ್ದಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದುದನ್ನು ಅಫಜಲಪುರ ಜೇವರ್ಗಿಗಳ ಜನ ಮರೆತಿಲ್ಲ. ನೆರೆ ಬಂದಾಗ, ಸೇತುವೆಯ ಬಲ ಸಂದೇಹಾಸ್ಪದವಾದಾಗ, ಹುಣ್ಣಿಮೆಯ ದಿನ ದೇವಲ ಗಾಣಗಾಪುರಕ್ಕೆ ಯಾತ್ರಿಕರು ನೆರೆದಾಗ, ಆಳಂದದಲ್ಲಿ ಲಾಡ್ಲೆ ಮಶಾಯಕರ ಉರುಸು ನಡೆಯುವಾಗ ನಮ್ಮನ್ನು ಎಷ್ಟು ದೂರದಲ್ಲಿ ನಿಲ್ಲಿಸಿದರೂ ನಿಲ್ಲುತ್ತೇವೆ. ನಿಲ್ಲಲು ಒಂದು ಸ್ಥಳ ಬೇಕು, ಅಷ್ಟೆ.

ಆ ಸ್ಥಳವೇ ಇಲ್ಲ. ಊರ ಹೊರಗೆ ಹೆದ್ದಾರಿಯ ಅಂಚಿನಲ್ಲಿ ನಿಂತರೆ ಅಡಚಣೆಯೆಂದು ದಂಡ. ಪೆಟ್ರೋಲ್ ಬಂಕಿನಲ್ಲಿ ನಿಂತರೆ ಡೀಸೆಲ್ ಹಾಕಿಸದವನಿಗೆ ಜಾಗವಿಲ್ಲ. ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು ಎಂಥದೆಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಆ ಬಿಸಿಲಿನಲ್ಲಿ ಕಾದ ತಗಡಿನ ಕ್ಯಾಬಿನ್ನಿನೊಳಗೆ, ಕುಡಿಯುವ ನೀರಿಲ್ಲದೆ, ಶೌಚಾಲಯವಿಲ್ಲದೆ, ಮನುಷ್ಯರು ಹಗಲನ್ನು ಕಳೆಯುತ್ತಿದ್ದಾರೆ. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನಗಳು ತಂಗುವ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರ ಮೋಟಾರು ವಾಹನಗಳ ಅಧಿನಿಯಮದ 117ನೆಯ ಕಲಮಿನಲ್ಲಿದೆ. ಇದೇ ಕಾರ್ಯಕ್ಕೆಂದು ರಾಜ್ಯದಲ್ಲಿ ದೇವರಾಜ ಅರಸು ಅವರ ಹೆಸರಿನ ಟ್ರಕ್ ಟರ್ಮಿನಲ್ ಸಂಸ್ಥೆಯೂ ಇದೆ; ಬೆಂಗಳೂರಿನ ಯಶವಂತಪುರಕ್ಕೆ ದೊರೆತ ಸೌಲಭ್ಯದ ಹತ್ತರಲ್ಲೊಂದು ಪಾಲು ಜೇವರ್ಗಿಯ ಕೂಡುರಸ್ತೆಗೆ ದೊರೆತರೂ ಸಾಕು. ಸಂವಿಧಾನದ 371ಜೆ ವಿಧಿಯ ಬೆಂಬಲದಿಂದ ನಡೆಯುತ್ತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ಇಂಥ ಕೆಲಸಕ್ಕೆ ವಿನಿಯೋಗಿಸಿದರೆ ಅದಕ್ಕಿಂತ ಸಾರ್ಥಕವಾದ ವಿನಿಯೋಗ ಮತ್ತಾವುದಿದ್ದೀತು?

ಆದಕಾರಣ ನಾವು ಕೇಳಿಕೊಳ್ಳುವುದೇನೆಂದರೆ, ಭಾರಮಿತಿಯನ್ನು ಯಾವುದೇ ರಸ್ತೆಗೆ ಶಾಶ್ವತವಾಗಿ ವಿಧಿಸುವ ಮುನ್ನ, ಲೋಡಾದ ಗಾಡಿಯು ನಿಜವಾಗಿ ಸಾಗಬಲ್ಲ ಬದಲಿ ಮಾರ್ಗವನ್ನು ಆದೇಶದಲ್ಲಿಯೇ ಹೆಸರಿಸಬೇಕು. ಅಂಥ ಮಾರ್ಗವಿಲ್ಲದ ಕಡೆ ಹೊರವರ್ತುಲ ರಸ್ತೆ ಸಿದ್ಧವಾಗುವವರೆಗೆ ನಿರ್ಬಂಧವನ್ನು ಹಗಲಿನ ಜನಸಂದಣಿಯ ವೇಳೆಗಳಿಗೆ ಸೀಮಿತಗೊಳಿಸಬೇಕು. ಮಿತಿಯನ್ನು ಅಚ್ಚಿನ ಭಾರದ ಆಧಾರದಿಂದ ನಿಗದಿಪಡಿಸಬೇಕು. ಫಲಕಗಳು ಪಟ್ಟಣದೊಳಗಲ್ಲದೆ, ಬದಲಿ ಮಾರ್ಗವು ಕವಲೊಡೆಯುವ ಕೂಡುರಸ್ತೆಯಲ್ಲಿ, ರಾತ್ರಿಯಲ್ಲಿಯೂ ಕಾಣುವಂತೆ, ಕನ್ನಡದೊಡನೆ ಮರಾಠಿ, ತೆಲುಗು, ಹಿಂದಿಗಳಲ್ಲಿಯೂ ಇರಬೇಕು. ತೊಗರಿಯ ಸುಗ್ಗಿಯಲ್ಲಿಯೂ, ಹವಳಗಾ ಭೂಸನೂರಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿಯೂ, ಗೊಬ್ಬರ ಮತ್ತು ಪಡಿತರ ಧಾನ್ಯಗಳ ಸಾಗಣೆಯಲ್ಲಿಯೂ ವಿಶೇಷ ವೇಳಾಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಬೇಕು. ಪ್ರತಿಯೊಂದು ಪಟ್ಟಣಕ್ಕೂ ಸರ್ಕಾರದ ಮುದ್ರೆಯುಳ್ಳ ಕಾಟಾ ಒಂದಿರಬೇಕು. ಅದರ ಚೀಟಿಯಿಲ್ಲದೆ ಯಾರ ಮೇಲೂ ಅತಿಭಾರದ ಮೊಕದ್ದಮೆ ಹೂಡಕೂಡದು. ಹೂಡಿದಾಗ ಹೇರಿದವನನ್ನೂ ಮಾಲೀಕನನ್ನೂ ಅದರಲ್ಲಿ ಸೇರಿಸಬೇಕು. ನೀರು, ನೆರಳು, ಶೌಚಾಲಯಗಳುಳ್ಳ ತಂಗುದಾಣವೊಂದು ಮೂರೂ ಪಟ್ಟಣಗಳ ಅಂಚಿನಲ್ಲಿ ಆಗಬೇಕು. ರಸ್ತೆ ಸುರಕ್ಷತೆಯ ಸಭೆಗಳಿಗೆ ಪ್ರತಿ ತಾಲ್ಲೂಕಿನಿಂದ ಒಬ್ಬ ಚಾಲಕನನ್ನಾದರೂ ಕರೆಯಬೇಕು. ಲಾರಿ ಮಾಲೀಕರ ಸಂಘಗಳು ನಮ್ಮ ಪರವಾಗಿಯೂ ಮಾತನಾಡುತ್ತವೆಯೆಂಬುದು ನಿಜವಾದರೂ, ಮಾಲೀಕನ ನಷ್ಟವೂ ಚಾಲಕನ ನೋವೂ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಆಗಿರುವುದಿಲ್ಲ.

ಈ ಬೇಡಿಕೆಗಳಲ್ಲಿ ಫಲಕ, ವೇಳಾಪಟ್ಟಿ, ಕಾಟಾ ಚೀಟಿ, ಸಭೆಗೆ ಆಹ್ವಾನ ಎಂಬ ನಾಲ್ಕಕ್ಕೆ ಹೆಚ್ಚಿನ ಹಣವಾಗಲಿ ಹೊಸ ಶಾಸನವಾಗಲಿ ಬೇಕಿಲ್ಲ. ತಾವು ಮನಸ್ಸು ಮಾಡಿ, ಬರುವ ಸುಗ್ಗಿಯೊಳಗಾಗಿ ಇವಿಷ್ಟನ್ನಾದರೂ ಜಾರಿಗೆ ತಂದು, ಉಳಿದವುಗಳ ಪರಿಶೀಲನೆಗೆಂದು ಮೂರೂ ತಾಲ್ಲೂಕುಗಳ ಚಾಲಕರನ್ನು ಒಮ್ಮೆ ತಮ್ಮ ಸಮ್ಮುಖಕ್ಕೆ ಕರೆಸಿಕೊಳ್ಳಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಧೇಯರು,
ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಲಾರಿ ಚಾಲಕರು