ಅಪ್ಪ ಬಂದಿದ್ದಾರಾ?

1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಬಯೋಕಾನ್ ಶುರು ಮಾಡಿದಾಗ ಕಿರಣ್ ಮಜುಂದಾರ್‌ಗೆ 25 ವರ್ಷ. ಬಂಡವಾಳ 10,000 ರೂಪಾಯಿ. ಆರಂಭದ ಸರಕೇನು ಗೊತ್ತಾ? ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆದ ಪಪೈನ್ ಕಿಣ್ವ! ನಮ್ಮ ಹೊಲದಲ್ಲಿ ಬೆಳೆಯೋ ಅದೇ ಪಪ್ಪಾಯಿ. ಆದರೂ ಸಾಲಕ್ಕೆ ಹೋದರೆ ಬ್ಯಾಂಕಿನವರು ಅಪ್ಪನ ಜಾಮೀನು ಕೇಳಿದ್ದರು.

ಬ್ಯಾಂಕಿನಲ್ಲಿ ಕೂತು ನೋಡ್ತಿದ್ದೀನಿ, ಆ ಪ್ರಶ್ನೆ ಇನ್ನೂ ಸತ್ತಿಲ್ಲ. ಬಿಸಿಎ ಮುಗಿಸಿದ ಹುಡುಗಿ ಮುದ್ರಾ ಸಾಲ ಕೇಳಿದ್ರೆ "ಅಪ್ಪ ಬಂದಿದ್ದಾರಾ?" ಅಂತಾರೆ. ಮುದ್ರಾ ಸಾಲಕ್ಕೆ ಆಸ್ತಿ ಅಡ ಇಡಬೇಕಿಲ್ಲ. ಕೊಡಲ್ಲ ಅಂದ್ರೆ ಕಾರಣ ಬರೆದು ಕೊಡಿ ಅನ್ನಿ, ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಜೊತೆಗೆ ಹೋಗೋ ಅಣ್ಣತಮ್ಮಂದಿರೇ, ಫಾರಂ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ ಓದಿ ಹೇಳಿ. ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ ಮಾತ್ರ ಅವಳೇ ಕೂರಲಿ, ಮಾತೂ ಅವಳೇ ಆಡಲಿ.